ಸೈಂಧವವಿಚಾರ: ಪಶುವಾಚಕಗಳಲ್ಲಿ ಸಾಮಾನ್ಯವಿಶೇಷಭಾವ

ರಘುವಂಶದ ಐದನೆಯ ಸರ್ಗವನ್ನು ಪಾಠಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿಯು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ನಿಮಿತ್ತವಾಯಿತು. ಇಂದುಮತಿಯ ಸ್ವಯಂವರಕ್ಕೆಂದು ಹೊರಟ ಅಜನು ವಿದರ್ಭದಲ್ಲಿ ಬಿಡಾರಮಾಡಿ ರಾತ್ರಿಯನ್ನು ಕಳೆದಿದ್ದಾನೆ. ಅರುಣೋದಯದಲ್ಲಿ ಸಮವಯಸ್ಕರಾದ ಸೂತಪುತ್ರರು ಅವನನ್ನು ಎಚ್ಚರಿಸುತ್ತಾರೆ. ಮೊದಲು ಆನೆಗಳು ಶಯ್ಯೆಯನ್ನು ಬಿಟ್ಟು ಎದ್ದುದನ್ನು ಹೇಳಿ, ಅನಂತರ ಉದ್ದನೆಯ ಬಟ್ಟೆಯ ಗುಡಾರಗಳಲ್ಲಿ ಕಟ್ಟಿರುವ ಕುದುರೆಗಳನ್ನು ವರ್ಣಿಸುತ್ತಾರೆ. ಆ ಕುದುರೆಗಳು ವನಾಯುದೇಶದವು. ನೆಕ್ಕಲೆಂದು ಮುಂದಿಟ್ಟಿರುವ ಸೈಂಧವಶಿಲೆಯ ತುಂಡುಗಳನ್ನು ಅವು ಬಾಯಿಯ ಬಿಸಿಯುಸಿರಿನಿಂದ ಮಸುಕುಮಾಡುತ್ತಿವೆ. ಇದಿಷ್ಟು ಪದ್ಯದ ಅರ್ಥ. ನಮ್ಮ ಹುಡುಗನು ಅಮರವನ್ನು ಬಾಯಿಪಾಠಮಾಡಿದ್ದವನು. ಅವನ ಕೈಯಲ್ಲಿ ಯಾರೋ ಬರೆದ ಒಂದು ಕನ್ನಡ ಟಿಪ್ಪಣಿಯ ಪುಸ್ತಕವೂ ಇದ್ದಿತು. ಅದರಲ್ಲಿ ವನಾಯುದೇಶ್ಯವೆಂಬುದಕ್ಕೆ ‘ಕುದುರೆಗಳು’ ಎಂದು ಮಾತ್ರ ಅರ್ಥಕೊಟ್ಟಿದ್ದಿತು. ಅವನು ಎದ್ದುನಿಂತು, “ಗುರುಗಳೇ, ವನಾಯುದೇಶ್ಯವೆಂದರೂ ಕುದುರೆ, ವಾಹವೆಂದರೂ ಕುದುರೆ, ಸೈಂಧವವೆಂದರೂ ಕುದುರೆ. ಕುದುರೆಗಳು ಕುದುರೆಯ ಕಲ್ಲನ್ನು ನೆಕ್ಕುವುದೆಂದರೆ ಏನು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಮನೆಗೆ ಹೋಗಿ ಯೋಚಿಸಿದ ಮೇಲೆ, ನಗಬೇಕಾದದ್ದು ಹುಡುಗನ ಪ್ರಶ್ನೆಗಲ್ಲ, ಅವನಿಗೆ ನಾವು ಕಲಿಸಿದ ರೀತಿಗೆ, ಎಂದು ತೋರಿತು.

ಸೈಂಧವವೆಂಬುದು ಉಪ್ಪೂ ಆಗುತ್ತದೆ, ಕುದುರೆಯೂ ಆಗುತ್ತದೆಂಬುದು ಶಾಸ್ತ್ರಜ್ಞರಿಗೆ ಹೊಸ ಮಾತಲ್ಲ. ‘ಸೈಂಧವವನ್ನು ತಾ’ ಎಂದು ಊಟಕ್ಕೆ ಕುಳಿತವನು ಹೇಳಿದರೆ ಉಪ್ಪನ್ನು ತರಬೇಕು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆಯನ್ನು ತರಬೇಕು ಎಂಬ ಉದಾಹರಣೆಯನ್ನು, ನಾನಾರ್ಥಶಬ್ದದ ಅರ್ಥನಿರ್ಣಯಕ್ಕೆ ಪ್ರಕರಣವೇ ಕಾರಣವೆಂದು ತೋರಿಸುವುದಕ್ಕಾಗಿ ಎಲ್ಲ ಶಾಸ್ತ್ರಗಳವರೂ ಬಳಸಿ ಸವೆಸಿದ್ದಾರೆ. ಅಮರಸಿಂಹನೂ ಈ ಶಬ್ದವನ್ನು ಕ್ಷತ್ರಿಯವರ್ಗದಲ್ಲಿ ಕುದುರೆಗೂ ವೈಶ್ಯವರ್ಗದಲ್ಲಿ ಲವಣಕ್ಕೂ ಹೇಳಿರುವನು. ಹುಡುಗನ ತೊಡಕು ಇಷ್ಟೇ ಆಗಿದ್ದರೆ ಒಂದು ಮಾತಿನಲ್ಲಿ ಬಿಡಿಸಬಹುದಾಗಿದ್ದಿತು. ಆದರೆ ಅವನ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ವನಾಯುದೇಶ್ಯ, ಸೈಂಧವ, ಕಾಂಬೋಜ ಮೊದಲಾದ ಹೆಸರುಗಳು ಅಶ್ವಸಾಮಾನ್ಯಕ್ಕೆ ಪರ್ಯಾಯಗಳೋ, ಅಶ್ವವಿಶೇಷದ ಹೆಸರುಗಳೋ? ಕೆಲವು ಪರ್ಯಾಯಗಳಾಗಿ ಕೆಲವು ವಿಶೇಷನಾಮಗಳಾಗಿದ್ದರೆ, ಆ ಭೇದವನ್ನು ಮಾಡುವವರು ಯಾರು? ಈಗ ವಿಮರ್ಶಿಸಬೇಕಾದ ವಿಷಯ ಇದು.

ಅಮರನ ಗಣನೆಯನ್ನೇ ಮೊದಲು ಪರಿಶೀಲಿಸೋಣ. ಅವನು ಘೋಟಕ, ತುರಗ, ಅಶ್ವ, ವಾಜಿ, ಹಯ ಎಂದು ಸಾಮಾನ್ಯನಾಮಗಳನ್ನು ಎಣಿಸುತ್ತ ಅವುಗಳ ನಡುವೆಯೇ ಸೈಂಧವವನ್ನು ಸೇರಿಸುತ್ತಾನೆ. ಆಮೇಲೆ ಕುಲೀನವಾದ ಕುದುರೆಗೆ ಆಜಾನೇಯವೆಂದೂ, ಶಿಕ್ಷಿತವಾಗಿ ಚೆನ್ನಾಗಿ ಹೊರುವುದಕ್ಕೆ ವಿನೀತವೆಂದೂ ಹೇಳಿ, ಅದಾದ ಮೇಲೆ ವನಾಯುಜ, ಪಾರಸೀಕ, ಕಾಂಬೋಜ, ಬಾಹ್ಲಿಕ ಎಂಬ ನಾಲ್ಕನ್ನು ದೇಶಭೇದದ ಹೆಸರುಗಳಾಗಿ ಬೇರೆ ಇಡುತ್ತಾನೆ. ಸಿಂಧುವೂ ದೇಶವೇ, ಕಂಬೋಜವೂ ದೇಶವೇ. ಹಾಗಿದ್ದರೂ ಒಂದು ಮೇಲಿನ ಪಂಕ್ತಿಯಲ್ಲಿ ಕುಳಿತಿತು, ಇನ್ನೊಂದು ಕೆಳಗಿನ ಪಂಕ್ತಿಗೆ ಬಂದಿತು. ಈ ಪಂಕ್ತಿಭೇದಕ್ಕೆ ಕಾರಣವೇನೆಂದು ಪಾಠಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ಎಂಟು ವರ್ಷದ ಹುಡುಗರಾದ ನಾವು ಕೇಳಲೂ ಇಲ್ಲ.

ವ್ಯಾಕರಣವು ಈ ಕಾರಣವನ್ನು ಹೇಳಬಲ್ಲುದೇ? ಪಾಣಿನಿಯು ಚತುರ್ಥಾಧ್ಯಾಯದ ದ್ವಿತೀಯಪಾದದಲ್ಲಿ ಕಚ್ಛಾದಿಗಣವನ್ನು ಹೇಳಿ ಅದರ ಶಬ್ದಗಳಿಗೆ ಅಣ್ ಪ್ರತ್ಯಯವನ್ನು ವಿಧಿಸುತ್ತಾನೆ. ಸಿಂಧು, ಕಂಬೋಜಗಳೆರಡೂ ಆ ಗಣದಲ್ಲಿಯೇ ಇವೆ. ಒಡನೆಯೇ ಮುಂದಿನ ಸೂತ್ರದಿಂದ, ಮನುಷ್ಯನನ್ನಾಗಲಿ ಮನುಷ್ಯನಲ್ಲಿರುವುದನ್ನಾಗಲಿ ಹೇಳಬೇಕಾದಾಗ ಬೇರೆ ಪ್ರತ್ಯಯ ಬರುವುದೆಂದು ವಿಧಿಸುತ್ತಾನೆ. ಆದ್ದರಿಂದ ಸಿಂಧುದೇಶದ ಮನುಷ್ಯನು ಸೈಂಧವಕ, ಅವನ ನಗೆಯೂ ಸೈಂಧವಕ. ಆ ದೇಶದ ಪಶುವೂ ಉಪ್ಪೂ ಸೈಂಧವ. ಕಾಶಿಕಾಕಾರರು ಇಲ್ಲಿ ಪ್ರತ್ಯುದಾಹರಣೆಯಾಗಿ ಕಚ್ಛದೇಶದ ಎತ್ತನ್ನು ತಂದು ನಿಲ್ಲಿಸಿ ಅದನ್ನು ಕಾಚ್ಛವೆನ್ನುತ್ತಾರೆ. (ಭಾರತದ ಜಯದ್ರಥನು ಸೈಂಧವನೆಂದೇ ಪ್ರಸಿದ್ಧನಾಗಿರುವನಲ್ಲಾ ಎಂದು ಆಕ್ಷೇಪಿಸುವವರಿಗೆ ವೈಯಾಕರಣರು ಬೇರೆ ಸಮಾಧಾನವನ್ನು ಹೇಳುವರು, ಅದು ಇಲ್ಲಿ ಅಪ್ರಸ್ತುತ.) ಪಶುಗಳ ವಿಷಯದಲ್ಲಿ ಪಾಣಿನಿಯ ಸೂಕ್ಷ್ಮತೆ ಇಷ್ಟಕ್ಕೆ ನಿಲ್ಲುವುದಿಲ್ಲ. ಸಾಲ್ವದೇಶದ ಎತ್ತನ್ನೂ ಅಲ್ಲಿಯ ಗಂಜಿಯನ್ನೂ ಹೇಳುವುದಕ್ಕೆ ಪ್ರತ್ಯೇಕವಾಗಿ ಒಂದು ಸೂತ್ರವಿದೆ; ಅದರಿಂದ ಎತ್ತು ಸಾಲ್ವಕವಾಗುತ್ತದೆ. ರಂಕುದೇಶದ ಎತ್ತಿಗೆ ರಾಂಕವ, ರಾಂಕವಾಯಣ ಎಂದು ಎರಡು ರೂಪಗಳುಂಟು. ಅದಕ್ಕೂ ಬೇರೆ ಸೂತ್ರವೇ. ಅಕ್ಷರವೊಂದನ್ನು ಉಳಿಸಿದರೆ ಮಗ ಹುಟ್ಟಿದಷ್ಟು ಸಂತೋಷಪಡುವ ಸೂತ್ರಕಾರರು ಒಂದು ಸೀಮೆಯ ಎತ್ತಿನ ಹೆಸರಿಗಾಗಿ ಸೂತ್ರವನ್ನೇ ವ್ಯಯಮಾಡಿದ್ದಾರೆಂದರೆ, ಆ ಕಾಲದ ಜನರ ಬಾಯಲ್ಲಿ ಇಂಥ ತಳಿಯ ಹೆಸರುಗಳು ನಿತ್ಯವೂ ನಲಿಯುತ್ತಿದ್ದುವೆಂದು ತಿಳಿಯಬೇಕು.

ಆದರೂ ನಮ್ಮ ಪ್ರಶ್ನೆಗೆ ವ್ಯಾಕರಣದಿಂದ ಉತ್ತರ ಬರಲಿಲ್ಲ. ಸೈಂಧವ, ಕಾಂಬೋಜಗಳೆರಡೂ ಒಂದೇ ಗಣದವು, ಒಂದೇ ಪ್ರತ್ಯಯದಿಂದ ಹುಟ್ಟಿದುವು. ಪ್ರಕೃತಿಪ್ರತ್ಯಯಗಳಲ್ಲಿ ಒಂದು ಸಾಮಾನ್ಯವಾಚಿ ಇನ್ನೊಂದು ವಿಶೇಷವಾಚಿ ಎನ್ನುವುದಕ್ಕೆ ಎಡೆಯಿಲ್ಲ. ಭೇದವಿರುವುದು ಪ್ರಯೋಗದಲ್ಲಿ, ಎಂದರೆ ರೂಢಿಯಲ್ಲಿ.

ರೂಢಿಯು ಹೇಗೆ ಹುಟ್ಟಿತೆಂಬುದನ್ನು ತಿಳಿಯಬೇಕಾದರೆ ಒಂದು ಶಂಕೆಯನ್ನು ಎತ್ತಿಕೊಳ್ಳಬೇಕು. ಪಶುತ್ವವು ವ್ಯಾಪಕ, ಅಶ್ವತ್ವವು ವ್ಯಾಪ್ಯ ಎಂಬುದರಲ್ಲಿ ತಾರ್ಕಿಕರಿಗೆ ವಿವಾದವಿಲ್ಲ. ಅಶ್ವತ್ವಕ್ಕೂ ವ್ಯಾಪ್ಯವಾಗಿ ಸೈಂಧವತ್ವವೆಂಬ ಜಾತಿಯನ್ನು ಒಪ್ಪಬಹುದೇ? ಸಿಂಧುದೇಶದಲ್ಲಿ ಹುಟ್ಟುವುದಷ್ಟೇ ಸೈಂಧವತ್ವವಾದರೆ ಅದು ಜಾತಿಯಲ್ಲ, ಕೇವಲ ಉಪಾಧಿ. ಸಿಂಧುದೇಶದಿಂದ ತಂದ ಗಂಡುಹೆಣ್ಣು ಕುದುರೆಗಳಿಗೆ ವಿದರ್ಭದಲ್ಲಿ ಮರಿ ಹುಟ್ಟಿದರೆ ಅದನ್ನು ಏನೆಂದು ಕರೆಯಬೇಕು? ಅವಯವಾರ್ಥವನ್ನು ಹಿಡಿದರೆ ಅದು ಸೈಂಧವವಲ್ಲ. ಕೊಟ್ಟಿಗೆಯ ಆಳನ್ನು ಕೇಳಿದರೆ ಸೈಂಧವವೆಂದೇ ಹೇಳುವನು. ಅವನ ಮಾತಿನಲ್ಲಿ ದೇಶದ ಹೆಸರು ಕುಲದ ಹೆಸರಾಗಿದೆ. ಈಗ ನಾವು ತಳಿಯೆನ್ನುವುದು ಅದನ್ನೇ. ಅಮರನು ಆಜಾನೇಯಕ್ಕೆ ಕುಲೀನವೆಂಬ ಅರ್ಥವನ್ನು ಕೊಟ್ಟು ಅದರ ಬೆನ್ನಿಗೇ ದೇಶನಾಮಗಳನ್ನು ಎಣಿಸಿರುವುದು ಅಕಸ್ಮಾತ್ತಾಗಿ ಆದದ್ದೆಂದು ನನಗೆ ತೋರುವುದಿಲ್ಲ. ಇಲ್ಲಿಯವರೆಗೆ ಶಬ್ದವು ಪಂಕಜದಂತೆ ಯೋಗರೂಢ. ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯಾವ ಕುದುರೆಗಾದರೂ ಸೈಂಧವವೆಂದಾಗ ಅವಯವಾರ್ಥವು ಪೂರ್ತಿಯಾಗಿ ಅಳಿದು ರೂಢಿಯೊಂದೇ ಉಳಿಯುತ್ತದೆ. ತಿಲದ ಸಾರವಾದ ತೈಲವು ಸಾಸುವೆಯ ತೈಲವಾದಂತೆ. ಎಳ್ಳಿನ ನೆಯ್ಯೆಂಬ ಅರ್ಥದಿಂದ ಬಂದ ನಮ್ಮ ಎಣ್ಣೆಯು ಕೊಬ್ಬರಿಗೂ ಹರಳಿಗೂ ಸಂದಂತೆ.

ಈ ಎರಡನೆಯ ಹೆಜ್ಜೆಯನ್ನು ಎಲ್ಲರೂ ಇಡುವುದಿಲ್ಲ. ಇಡುವವರು ಯಾರು, ಇಡದವರು ಯಾರು ಎಂಬುದೇ ಇಲ್ಲಿಯ ರಹಸ್ಯ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಪ್ರಕರಣವಿದೆ. ಯುದ್ಧೋಪಯೋಗಿಗಳಾದ ಕುದುರೆಗಳಲ್ಲಿ ಕಾಂಬೋಜ, ಸೈಂಧವ, ಆರಟ್ಟಜ, ವಾನಾಯುಜಗಳು ಉತ್ತಮಗಳೆಂದೂ, ಬಾಹ್ಲೀಕ, ಪಾಪೇಯಕ, ಸೌವೀರಕ, ತೈತಲಗಳು ಮಧ್ಯಮಗಳೆಂದೂ, ಮಿಕ್ಕುವು ಅಧಮಗಳೆಂದೂ ಅಲ್ಲಿ ವಿಂಗಡಿಸಿದೆ. ಸಿಂಧುಸೌವೀರಗಳು ಕಾವ್ಯಪುರಾಣಗಳಲ್ಲಿ ಜೋಡಿಯಾಗಿಯೇ ಬರತಕ್ಕ ನೆರೆನಾಡುಗಳು. ಕವಿಗೆ ಅವೆರಡೂ ಒಂದೇ ಸಮಾಸ. ಅಶ್ವಾಧ್ಯಕ್ಷನಿಗಾದರೋ ಒಂದು ನಾಡಿನ ಕುದುರೆ ಮೊದಲ ತರಗತಿಯದು, ನೆರೆನಾಡಿನದು ಎರಡನೆಯದು. ಅವನು ಸೈಂಧವವೆಂಬುದನ್ನು ಕುದುರೆಯ ಪರ್ಯಾಯವೆಂದು ಬರೆದುಕೊಂಡಿದ್ದರೆ ಲಾಯದ ಲೆಕ್ಕವೇ ಕೆಟ್ಟುಹೋಗುತ್ತಿದ್ದಿತು.

ಪಾಲಿಯ ಜಾತಕಕಥೆಗಳಲ್ಲಿ ಇದರ ನಡುವಣ ಅವಸ್ಥೆಯನ್ನು ಕಾಣಬಹುದು. ಅಲ್ಲಿ ಸಿಂಧವವೆಂದರೆ ರಾಜನು ಏರತಕ್ಕ ಉತ್ತಮಾಶ್ವ. ಧಮ್ಮಪದದಲ್ಲಿಯೂ ಆಜಾನೀಯ, ಸಿಂಧವ ಎಂಬೆರಡು ಶಬ್ದಗಳು ಜೊತೆಯಾಗಿಯೇ ನಿಂತಿವೆ. ದೇಶದ ನೆನಪು ಮಸುಕಾಗಿದೆ, ಶ್ರೇಷ್ಠತೆಯ ಭಾವನೆ ಉಳಿದಿದೆ. ಯಾವ ಕುದುರೆಗಾದರೂ ಸಲ್ಲುವಷ್ಟು ಶಬ್ದ ಇನ್ನೂ ಸಡಿಲವಾಗಿಲ್ಲ. ಅದೇ ಕಥೆಗಳಲ್ಲಿ ಉತ್ತರಾಪಥದ ಕುದುರೆವ್ಯಾಪಾರಿಗಳು ಕಾಶಿಗೆ ಬಂದು ಕುದುರೆಗಳನ್ನು ಮಾರುವರು. ನನ್ನ ಊಹೆಗೆ ಆಧಾರ ಇದೇ. ಒಂದು ತಳಿಯನ್ನು ಸಾಕುವ ನಾಡಿನಲ್ಲಿ ಆ ತಳಿಯ ಹೆಸರು ವಿಶೇಷವಾಚಿಯಾಗಿಯೇ ಉಳಿಯುತ್ತದೆ, ಏಕೆಂದರೆ ಅಲ್ಲಿಯವರು ಅದನ್ನು ನೆರೆಯ ತಳಿಯಿಂದ ಬೇರ್ಪಡಿಸಿ ಹೇಳಬೇಕು. ಅದನ್ನು ದೂರದಿಂದ ತರಿಸಿ ಕೊಳ್ಳುವ ನಾಡಿನಲ್ಲಿ ಒಳ್ಳೆಯ ಕುದುರೆಗಳೆಲ್ಲ ಅದೇ ದಾರಿಯಿಂದ ಬರುವುದರಿಂದ, ಮಾರುವವನು ಕೂಗುವ ಹೆಸರೇ ಕೊಳ್ಳುವವನಿಗೆ ಒಳ್ಳೆಯ ಕುದುರೆಯ ಹೆಸರಾಗಿ, ಕವಿಯ ಕೈಗೆ ಬಂದಾಗ ಬರಿಯ ಕುದುರೆಯ ಹೆಸರಾಗುತ್ತದೆ.

ಕನ್ನಡದಲ್ಲಿಯೇ ಇದಕ್ಕೆ ಸಮಾನವಾದ ನಿದರ್ಶನವಿದೆ. ತೇಜಿಯೆಂಬ ಶಬ್ದವು ಕುಮಾರವ್ಯಾಸನ ಯುದ್ಧಪರ್ವಗಳನ್ನು ಓದಿದವರಿಗೆಲ್ಲ ಪರಿಚಿತವಾದದ್ದೇ. ನಮ್ಮ ಗಮಕಿಗಳು ತೇಜಸ್ಸುಳ್ಳದ್ದು ತೇಜಿಯೆಂದು ವ್ಯುತ್ಪತ್ತಿಯನ್ನು ಹೇಳುವುದುಂಟು. ಕೇಳುವುದಕ್ಕೆ ಇಂಪಾಗಿದೆ, ಆದರೆ ತೇಜಸ್ಸು ಆನೆಗೂ ಸಿಂಹಕ್ಕೂ ಉಂಟು, ಕುದುರೆಯೊಂದರಲ್ಲಿಯೇ ಈ ಶಬ್ದ ಏಕೆ ನಿಂತಿತೆಂದು ಆ ವ್ಯುತ್ಪತ್ತಿಯಿಂದ ತಿಳಿಯುವುದಿಲ್ಲ. ಪಾರಸಿಯಲ್ಲಿ ತಾಜೀ ಎಂದರೆ ಅರಬ್ಬೀ, ವಿಶೇಷವಾಗಿ ಅರಬ್ಬೀ ಕುದುರೆ. ಅರಬ್ಬರಿಗೆ ತಾಜಿಕರೆಂಬ ಹೆಸರು ಸಂಸ್ಕೃತ ಶಾಸನಗಳಲ್ಲಿಯೂ ಉಂಟು. ನಮ್ಮ ತೇಜಿಯನ್ನು ಇದರೊಂದಿಗೆ ಸಂಬಂಧಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ದಕ್ಷಿಣದೇಶದಲ್ಲಿ ಒಳ್ಳೆಯ ಕುದುರೆ ಬೆಳೆಯುವುದು ಕಡಮೆ. ಅರಸರು ಸಮುದ್ರದ ಮೇಲೆ ಅವನ್ನು ತರಿಸುತ್ತಿದ್ದರು; ವಿಜಯನಗರದ ಕಾಲದಲ್ಲಿ ಭಟಕಳ, ಗೋವೆಗಳ ಬಂದರುಗಳಿಗೆ ಅರಬ್ಬೀ ಪಾರಸೀ ಕುದುರೆಗಳು ಬಂದಿಳಿಯುತ್ತಿದ್ದುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಹಾಗಾಗಿ ಗಂಗಾತೀರದಲ್ಲಿ ಸೈಂಧವಕ್ಕೆ ಆದ ಗತಿಯೇ ತುಂಗಭದ್ರಾತೀರದಲ್ಲಿ ತೇಜಿಗೂ ಆಯಿತು. ಕುರುಕ್ಷೇತ್ರದಲ್ಲಿ ಅರಬ್ಬೀ ಕುದುರೆ ಎಲ್ಲಿಂದ ಬಂತೆಂದು ಕುಮಾರವ್ಯಾಸನನ್ನು ಯಾರೂ ಕೇಳಬೇಕಾಗಿಲ್ಲ. ಅವನ ಕಾಲಕ್ಕೆ ತೇಜಿಯು ಬರಿಯ ಕುದುರೆ.

ಇದಕ್ಕೆ ವ್ಯತಿರೇಕವಾಗಿ ನಮ್ಮ ಎತ್ತುಗಳ ಹೆಸರನ್ನು ನೋಡಬೇಕು. ಹಳ್ಳಿಕಾರ್ ಎಂಬುದು ಅದನ್ನು ಸಾಕುತ್ತ ಬಂದ ಜನದ ಹೆಸರಿನಿಂದ ತಳಿಗೆ ಬಂದಿತು. ಅಮೃತಮಹಲೆಂಬುದು ಇನ್ನೂ ವಿಚಿತ್ರ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆಚಾವಡಿಯೆಂಬ ಇಲಾಖೆಗೆ ಟಿಪ್ಪುಸುಲ್ತಾನನು ಅಮೃತಮಹಲೆಂದು ಹೆಸರಿಟ್ಟನು. ಇಲಾಖೆಯ ಹೆಸರು ಅದು ಸಾಕಿದ ದನಗಳಿಗೆ ಅಂಟಿಕೊಂಡಿತು. ಇವೆರಡೂ ಕೀರ್ತಿವೆತ್ತ ತಳಿಗಳೇ. ಆದರೂ ಕನ್ನಡನಾಡಿನಲ್ಲಿ ಯಾವ ರೈತನೂ ಕಂಡ ಎತ್ತನ್ನೆಲ್ಲ ಹಳ್ಳಿಕಾರೆಂದು ಕರೆಯುವುದಿಲ್ಲ. ಜಾತ್ರೆಯಲ್ಲಿ ಹಾಗೆ ಕರೆದವನು ಬೆಲೆಯಲ್ಲಿ ಮೋಸಹೋಗುವನು, ಇಲ್ಲವೇ ಮೋಸಮಾಡುವನು. ಇವು ಮನೆಯಲ್ಲಿ ಹುಟ್ಟಿ ಬೆಳೆದ ದನಗಳಾದುದರಿಂದ ಹೆಸರಿನ ಎಲ್ಲೆ ಕೆಟ್ಟಿಲ್ಲ.

ಹಾಗಾದರೆ ಕಾವ್ಯವನ್ನು ಓದುವಾಗ ಸಾಮಾನ್ಯಶಬ್ದವೂ ವಿಶೇಷಶಬ್ದವೂ ಎದುರಾದಲ್ಲಿ ಏನು ಮಾಡಬೇಕು? ನಮ್ಮ ಹಿರಿಯರು ಎರಡು ನ್ಯಾಯಗಳನ್ನು ಕೊಟ್ಟುಹೋಗಿದ್ದಾರೆ. ಎರಡೂ ಪಶುಗಳ ಹೆಸರಿನಲ್ಲಿಯೇ ಇವೆ; ಎರಡನ್ನೂ ನಾವು ವೇದಾಂತದ ವಾದಗಳಿಗೆ ಮಾತ್ರ ಮೀಸಲಿಟ್ಟು ಕಾವ್ಯದ ತರಗತಿಗೆ ತರುವುದನ್ನು ಮರೆತಿದ್ದೇವೆ. ಮೊದಲನೆಯದು ಜೈಮಿನಿಯ ಆರನೆಯ ಅಧ್ಯಾಯದ ಕೊನೆಯಲ್ಲಿ ವಿಚಾರಿತವಾದ ಛಾಗಪಶುನ್ಯಾಯ. ಅಗ್ನೀಷೋಮೀಯಯಾಗದಲ್ಲಿ ವಿಧಿವಾಕ್ಯವು ಪಶುವೆಂದಷ್ಟೇ ಹೇಳುತ್ತದೆ. ಯಾವ ಪಶುವೆಂದು ಹೇಳುವುದಿಲ್ಲ. ಮಂತ್ರದಲ್ಲಾದರೋ ಛಾಗವೆಂದಿದೆ. ಯಾವ ಪಶುವಾದರೂ ಆಗಬಹುದೆಂಬುದು ಪೂರ್ವಪಕ್ಷ. ಸಾಮಾನ್ಯವು ವಿಶೇಷವನ್ನು ಬಯಸಿ ನಿಂತಿದೆ, ಮಂತ್ರವು ಅದನ್ನು ಒದಗಿಸುತ್ತದೆ, ಆದ್ದರಿಂದ ಆಡೇ ಪಶು ಎಂಬುದು ಸಿದ್ಧಾಂತ. ಎರಡನೆಯದು ಗೋಬಲೀವರ್ದನ್ಯಾಯ. ‘ಗೋಗಳನ್ನು ತಾ, ಬಲೀವರ್ದವನ್ನೂ ತಾ’ ಎಂದಾಗ, ಗೋಶಬ್ದದಲ್ಲಿ ಎತ್ತೂ ಅಡಕವಾಗಿದ್ದರೂ, ಬೇರೆ ಹೇಳಿದುದರಿಂದ ಅದರಲ್ಲಿ ವಿಶೇಷವಿದೆಯೆಂದು ತಿಳಿದು, ಗೋಶಬ್ದಕ್ಕೆ ಉಳಿದ ದನಗಳೆಂದು ಅರ್ಥಮಾಡಬೇಕು. ಒಂದರಲ್ಲಿ ವಿಶೇಷವು ಸಾಮಾನ್ಯದೊಳಗೆ ಹೊಕ್ಕು ಅದನ್ನು ತನ್ನ ಅಳತೆಗೆ ಕುಗ್ಗಿಸುತ್ತದೆ. ಇನ್ನೊಂದರಲ್ಲಿ ಸಾಮಾನ್ಯದಿಂದ ಹೊರಬಂದು ಪಕ್ಕದಲ್ಲಿ ನಿಲ್ಲುತ್ತದೆ.

ಇವನ್ನು ಹಿಡಿದು ಕಾಳಿದಾಸನ ಬಳಿಗೆ ಹೋಗೋಣ. ನಾಲ್ಕನೆಯ ಸರ್ಗದ ದಿಗ್ವಿಜಯದಲ್ಲಿ ರಘುವು ಪಾರಸೀಕರನ್ನು ಗೆದ್ದು, ಹೂಣರನ್ನು ಗೆದ್ದು ಕಾಂಬೋಜರ ನಾಡಿಗೆ ಬರುತ್ತಾನೆ. ಅವರು ತಂದೊಪ್ಪಿಸಿದ ಧನರಾಶಿಯಲ್ಲಿ ಹೆಚ್ಚಾಗಿದ್ದುವು ಒಳ್ಳೆಯ ಅಶ್ವಗಳೆಂದು ಕವಿ ಹೇಳುತ್ತಾನೆ. ಇಲ್ಲಿ ಅವನು ಕಾಂಬೋಜಾಶ್ವವೆನ್ನಲಿಲ್ಲ. ಸಾಮಾನ್ಯವಾದ ಅಶ್ವಶಬ್ದವೇ ಸಾಕಾಯಿತು. ಕಾಂಬೋಜರೆಂದು ಮೇಲೆ ಹೇಳಿರುವುದರಿಂದ ಛಾಗಪಶುನ್ಯಾಯದಂತೆ ಆ ಸಾಮಾನ್ಯವು ತಾನಾಗಿ ಕಾಂಬೋಜಾಶ್ವದಲ್ಲಿ ನಿಲ್ಲುತ್ತದೆ. ಐದನೆಯ ಸರ್ಗದಲ್ಲಿ ಹಾಗಲ್ಲ. ವಿದರ್ಭದಲ್ಲಿ ಕಟ್ಟಿರುವ ಕುದುರೆ ಯಾವ ನಾಡಿನದೆಂದು ಪ್ರಕರಣದಿಂದ ತಿಳಿಯಲಾರದು. ಆದುದರಿಂದ ಕವಿ ಅದರ ನಾಡನ್ನು ಬಾಯಿಬಿಟ್ಟು ಹೇಳಿದನು. ವನಾಯುವು ಅರಬ್ಬೀದೇಶವೆಂದು ಹಲವರು ವಿದ್ವಾಂಸರು ಗುರುತಿಸುತ್ತಾರೆ. ಅದು ಹೇಗೇ ಇರಲಿ, ಪಶ್ಚಿಮದ ದೂರದ ನಾಡೆಂಬುದರಲ್ಲಿ ಸಂದೇಹವಿಲ್ಲ. ಹಿಂದಿನ ಸರ್ಗದಲ್ಲಿ ಪಾಶ್ಚಾತ್ಯರನ್ನು ಅಶ್ವಬಲವುಳ್ಳವರೆಂದು ವರ್ಣಿಸಿ, ತಂದೆಯಾದ ರಘು ಅವರನ್ನು ಗೆದ್ದನೆಂದು ಹೇಳಿದ ಕವಿಯೇ, ಈ ಸರ್ಗದಲ್ಲಿ ಮಗನ ಗುಡಾರದಲ್ಲಿ ಪಶ್ಚಿಮದ ಕುದುರೆಗಳನ್ನು ಕಟ್ಟಿಸಿದ್ದಾನೆ. ತಂದೆಯ ದಿಗ್ವಿಜಯದ ಫಲವು ಮಗನ ಸ್ವಯಂವರಯಾತ್ರೆಗೆ ಒದಗಿತೆಂಬ ಧ್ವನಿ ಆ ಒಂದು ಪದದಲ್ಲಿದೆ. ಅದಕ್ಕೆ ‘ಕುದುರೆಗಳು’ ಎಂದು ಅರ್ಥ ಬರೆದವರು ಆ ಧ್ವನಿಯನ್ನು ಅಳಿಸಿದ್ದಾರೆ. ಪದ್ಯದಲ್ಲಿ ವಾಹವೆಂಬ ವಿಶೇಷ್ಯವು ಬೇರೆ ಇರುವುದರಿಂದ ಪುನರುಕ್ತಿದೋಷವನ್ನೂ ಕವಿಯ ತಲೆಗೆ ಕಟ್ಟಿದ್ದಾರೆ. ಇನ್ನು ಸೈಂಧವವು ಇಲ್ಲಿ ಶಿಲೆಯೆಂಬುದರೊಡನೆ ಸಮಾಸವಾಗಿ, ನೆಕ್ಕತಕ್ಕದ್ದೆಂಬ ವಿಶೇಷಣದಿಂದ ಬಿಗಿಯಲ್ಪಟ್ಟು, ಉಪ್ಪಿನಲ್ಲಿ ಭದ್ರವಾಗಿ ನಿಂತಿದೆ. ಕುದುರೆಗಳ ಮಧ್ಯದಲ್ಲಿಯೇ ಸೈಂಧವಶಬ್ದವನ್ನು ಉಪ್ಪಿಗೆ ಬಳಸಿ, ಕುದುರೆಗೆ ವನಾಯುವಿನ ಹೆಸರನ್ನಿಟ್ಟ ಕವಿ ಒಳಗೊಳಗೇ ಮುಗುಳುನಕ್ಕಿರಬಹುದು. ಇದು ನನ್ನ ಕಲ್ಪನೆ. ವ್ಯಾಖ್ಯಾನಕಾರರ ಮೇಲೆ ಇದರ ಹೊರೆಯನ್ನು ಹೊರಿಸುವುದಿಲ್ಲ.

ರಾಮಾಯಣದ ಬಾಲಕಾಂಡದ ಆರನೆಯ ಸರ್ಗದಲ್ಲಿ ಅಯೋಧ್ಯೆಯ ಕುದುರೆಗಳನ್ನು ವರ್ಣಿಸುವಾಗ ಕಾಂಬೋಜದಲ್ಲಿ ಹುಟ್ಟಿದುವು, ಬಾಹ್ಲೀಕಗಳು, ವನಾಯುಜಗಳು, ನದೀಜಗಳು ಎಂದು ನಾಲ್ಕನ್ನು ಎಣಿಸಿದೆ. ನದೀಜವೆಂದರೆ ಸಿಂಧುದೇ‍ಶದವು ಎಂಬ ವ್ಯಾಖ್ಯಾನವೇ ಸರಿ. ಸಿಂಧುವೆಂಬುದು ನದಿಗೆಲ್ಲ ಸಾಮಾನ್ಯನಾಮವೂ ಹೌದು, ಒಂದು ನದಿಯ ಹೆಸರೂ ಹೌದು. ಕವಿ ಅದನ್ನು ತಿರುಗಿಸಿ, ನದಿಯೆಂಬ ಸಾಮಾನ್ಯದಿಂದ ಸಿಂಧುವೆಂಬ ವಿಶೇಷವನ್ನು ಹೇಳಿದನು. ಕುದುರೆಯ ಹೆಸರಿಗಿಂತ ಮೊದಲೇ ನದಿಯ ಹೆಸರಿನಲ್ಲಿಯೇ ಈ ಸಾಮಾನ್ಯವಿಶೇಷಗಳ ಆಟ ನಡೆದಿದೆಯೆಂದಾಯಿತು.

ವ್ಯತ್ಯಾಸವನ್ನು ಬಲ್ಲ ಕವಿ ಒಂದೇ ಪ್ರಾಣಿಗೆ ಬೇರೆ ಬೇರೆ ಬಾಯಿಗಳಿಂದ ಬೇರೆ ಹೆಸರನ್ನು ಹೇಳಿಸುವನು. ಶಾಕುಂತಲದ ಮೊದಲನೆಯ ಅಂಕದಲ್ಲಿ ಓಡುತ್ತಿರುವುದು ಒಂದೇ ಪ್ರಾಣಿ. ರಥದ ಸೂತನು ಅದನ್ನು ಕೃಷ್ಣಸಾರವೆನ್ನುತ್ತಾನೆ. ದುಷ್ಯಂತನು ಸಾರಂಗವೆನ್ನುತ್ತಾನೆ. ಅಡ್ಡಬಂದ ವೈಖಾನಸನು ಆಶ್ರಮಮೃಗವೆನ್ನುತ್ತಾನೆ. ಬೇಟೆಗಾರನ ಸಾರಥಿಗೆ ಅದು ಯಾವ ಬಗೆಯ ಜಿಂಕೆಯೆಂಬುದು ಮುಖ್ಯ. ತಪಸ್ವಿಗೆ ಅದು ಮುಖ್ಯವಲ್ಲ; ಅದು ಆಶ್ರಮದ್ದು ಎಂಬುದೇ ಮುಖ್ಯ; ಅದಕ್ಕಾಗಿ ಅವನು ಸಾಮಾನ್ಯವಾದ ಮೃಗಶಬ್ದವನ್ನು ಹಿಡಿದು ಅದಕ್ಕೆ ಬೇರೊಂದು ವಿಶೇಷಣವನ್ನು ಕೊಟ್ಟನು. ಮೂರಕ್ಕೂ ‘ಜಿಂಕೆ’ ಎಂದು ಬರೆದುಕೊಂಡ ವಿದ್ಯಾರ್ಥಿಗೆ ಈ ಮಾತಿನ ಸೊಗಸು ಎಲ್ಲಿಂದ ಬಂದೀತು?

ಮೃಗಶಬ್ದದ ಚರಿತ್ರೆಯೂ ಇಲ್ಲಿ ನೆನೆಯತಕ್ಕದ್ದು. ಋಗ್ವೇದದಲ್ಲಿ ಅದು ಕಾಡುಪ್ರಾಣಿಗಳಿಗೆಲ್ಲ ಸಲ್ಲುತ್ತಿದ್ದಿತು. ಆನೆಯನ್ನು ಕೈಯುಳ್ಳ ಮೃಗವೆಂದು ಅಲ್ಲಿ ಕರೆದಿದೆ. ಮುಂದೆ ಮೃಗವೆಂಬ ವಿಶೇಷ್ಯವು ಉದುರಿ ಹಸ್ತಿಯೆಂಬ ವಿಶೇಷಣವೇ ಆನೆಯ ಹೆಸರಾಗಿ ಉಳಿಯಿತು. ಸಂಸ್ಕೃತಕಾವ್ಯಗಳಲ್ಲಿ ಮೃಗವು ಕುಗ್ಗಿ ಹೆಚ್ಚಾಗಿ ಹರಿಣವಾಯಿತು. ಮೃಗಾಂಕ, ಮೃಗನಾಭಿ, ಮೃಗಾಕ್ಷಿಗಳಲ್ಲಿ ಅದೇ ಅರ್ಥ. ಮೃಗಯೆ, ಮೃಗರಾಜಗಳಲ್ಲಿ ಹಳೆಯ ಅರ್ಥವೇ ಉಳಿದಿದೆ. ಹಿಂದಿಯವರು ಇಂದಿಗೂ ಮೃಗವೆಂದರೆ ಜಿಂಕೆಯನ್ನು ತಿಳಿಯುವರು. ನಮ್ಮಲ್ಲಿಯೂ ತೆಲುಗು ಮಲೆಯಾಳಗಳಲ್ಲಿಯೂ ಮೃಗವೆಂದರೆ ಕಾಡುಪ್ರಾಣಿ. ಇಂಗ್ಲಿಷಿನಲ್ಲಿ ಜಿಂಕೆಯನ್ನು ಹೇಳುವ ಡೀರ್ ಎಂಬ ಶಬ್ದವೂ ಹಿಂದೆ ಪ್ರಾಣಿಮಾತ್ರಕ್ಕೆ ಸಲ್ಲುತ್ತಿದ್ದಿತೆಂದೂ, ಅದರ ದಾಯಾದಿಯಾದ ಜರ್ಮನ್ ಶಬ್ದಕ್ಕೆ ಈಗಲೂ ಅದೇ ಅರ್ಥವೆಂದೂ ಆ ಭಾಷೆಗಳನ್ನು ಬಲ್ಲವರು ಹೇಳುತ್ತಾರೆ. ಸೈಂಧವದ ದಾರಿ ವಿಶೇಷದಿಂದ ಸಾಮಾನ್ಯಕ್ಕೆ. ಮೃಗದ ದಾರಿ ಸಾಮಾನ್ಯದಿಂದ ವಿಶೇಷಕ್ಕೆ. ಎರಡು ದಾರಿಗಳೂ ತೆರೆದಿರುವುದರಿಂದಲೇ ಟಿಪ್ಪಣಿಕಾರನು ಎಚ್ಚರದಿಂದಿರಬೇಕಾಗಿದೆ.

ಕೋಶಕಾರರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅಮರನು ಪಂಕ್ತಿಭೇದವನ್ನು ಮಾಡಿಯೇ ಇದ್ದಾನೆ. ಅದನ್ನು ಕಲಸಿದವರು ನಾವು. ಹೇಮಚಂದ್ರಾಚಾರ್ಯನು (1089–1172) ಅಭಿಧಾನಚಿಂತಾಮಣಿಯ ತಿರ್ಯಕ್ಕಾಂಡದಲ್ಲಿ ಬಣ್ಣದ ಭೇದದಿಂದ ಕುದುರೆಗಳ ಹೆಸರುಗಳನ್ನು ಎಣಿಸುತ್ತ ಕೋಕಾಹ, ಖೋಂಗಾಹ, ಸೇರಾಹ, ಕಿಯಾಹ, ವೋಲ್ಲಾಹ ಮುಂತಾದ ವಿಚಿತ್ರಶಬ್ದಗಳನ್ನು ಕೊಡುತ್ತಾನೆ. ಕಿಯಾಹವು ಕೆಂಪು ಕುದುರೆ, ಸೇರಾಹವು ಅಮೃತದ ಬಣ್ಣದ್ದು. ಇವು ಕುದುರೆಯ ವ್ಯಾಪಾರಿಗಳೊಡನೆ ಹೊರಗಿನಿಂದ ಬಂದ ಮಾತುಗಳೆಂದು ಕಿವಿಯೇ ಹೇಳುತ್ತದೆ. ಆಚಾರ್ಯನು ತನ್ನ ವೃತ್ತಿಯಲ್ಲಿ ಇವಕ್ಕೂ ಸಂಸ್ಕೃತಧಾತುಗಳಿಂದ ವ್ಯುತ್ಪತ್ತಿಯನ್ನು ಹೇಳಿರುವನಾದರೂ, ಇವು ಬಹುಮಟ್ಟಿಗೆ ದೇಶ್ಯಗಳೆಂದೂ, ವ್ಯುತ್ಪತ್ತಿಯನ್ನು ಹೇಳಿದುದು ಅಕ್ಷರಗಳ ಅನುಪೂರ್ವಿಯನ್ನು ನಿಶ್ಚಯಿಸುವುದಕ್ಕೆ ಮಾತ್ರವೆಂದೂ ಮರೆಮಾಚದೆ ಒಪ್ಪಿಕೊಂಡಿದ್ದಾನೆ. ಇಂಥ ಪ್ರಾಮಾಣಿಕತೆ ಕೋಶಕಾರರಲ್ಲಿ ಅಪರೂಪ. ತೇಜಿಗೆ ತೇಜಸ್ಸನ್ನು ಕಟ್ಟುವವರು ಈ ಒಂದು ವಾಕ್ಯವನ್ನು ನೋಡಬೇಕು. ಹೇಮಚಂದ್ರನ ಹಿರಿಯ ಸಮಕಾಲೀನನಾಗಿ ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಮೂರನೆಯ ಸೋಮೇಶ್ವರನೂ ಮಾನಸೋಲ್ಲಾಸದಲ್ಲಿ ಕುದುರೆಗಳನ್ನು ಅವು ಹುಟ್ಟಿದ ದೇಶಗಳಿಂದ ವಿಂಗಡಿಸಿ ಹೇಳಿದ್ದಾನೆ. ಅರಸನಾದುದರಿಂದ ಅವನಿಗೆ ಕುದುರೆಯನ್ನು ಕೊಳ್ಳುವ ಕೆಲಸ ಗೊತ್ತಿದ್ದಿತು.

ಅಧ್ಯಾಪಕರಲ್ಲಿಯೂ ಟಿಪ್ಪಣಿಗಳನ್ನು ಬರೆಯುವವರಲ್ಲಿಯೂ ನನ್ನ ವಿಜ್ಞಾಪನೆ ಸ್ವಲ್ಪವೇ. ವನಾಯುಜ, ಕಾಂಬೋಜ, ಬಾಹ್ಲಿಕ, ಪಾರಸೀಕಗಳು ಬಂದಲ್ಲಿ ‘ವನಾಯುದೇಶದ ಕುದುರೆ’ ಇತ್ಯಾದಿಯಾಗಿ ದೇಶವನ್ನು ಬಿಡದೆ ಬರೆಯಬೇಕು. ಸೈಂಧವವು ಬಂದಲ್ಲಿ ಉಪ್ಪೋ ಕುದುರೆಯೋ ಎಂದು ನೋಡಿದಷ್ಟಕ್ಕೆ ನಿಲ್ಲದೆ, ಕುದುರೆಯಾದರೆ ಯಾವ ಗ್ರಂಥದ ಕುದುರೆಯೆಂದೂ ನೋಡಬೇಕು. ಅರ್ಥಶಾಸ್ತ್ರದಲ್ಲಿ ಅದು ತಳಿ, ಜಾತಕದಲ್ಲಿ ಶ್ರೇಷ್ಠಾಶ್ವ, ಮಧ್ಯಕಾಲದ ಚಂಪುವಿನಲ್ಲಿ ಬಹುಶಃ ಛಂದಸ್ಸಿಗೆ ಒಗ್ಗಿದ ಒಂದು ಪರ್ಯಾಯ. ಒಂದು ಮಾತಿನ ಟಿಪ್ಪಣಿಗೆ ಇಷ್ಟು ಶ್ರಮವೇ ಎಂದು ಕೇಳುವವರಿರಬಹುದು. ಅವರು ಬಾಲಕಾಂಡದ ಅದೇ ಸರ್ಗದಲ್ಲಿ ಕುದುರೆಗಳ ಮುಂದೆಯೇ ಬರುವ ಆನೆಗಳ ವರ್ಣನೆಯನ್ನು ತೆರೆದು ನೋಡಲಿ. ಅಲ್ಲಿ ಅಯೋಧ್ಯೆಯು ಭದ್ರಗಳಿಂದಲೂ ಮಂದ್ರಗಳಿಂದಲೂ ಮೃಗಗಳಿಂದಲೂ ತುಂಬಿದ್ದಿತೆಂದಿದೆ. ಈ ಮೃಗವು ಪ್ರಾಣಿಸಾಮಾನ್ಯವೂ ಅಲ್ಲ, ಜಿಂಕೆಯೂ ಅಲ್ಲ. ಗಜಶಾಸ್ತ್ರದಲ್ಲಿ ಹೇಳಿರುವ ಆನೆಯ ಒಂದು ತಳಿ. ಭದ್ರಮಂದ್ರ, ಭದ್ರಮೃಗ, ಮೃಗಮಂದ್ರ ಎಂದು ಅಲ್ಲಿಯೇ ಬೆರಕೆಯ ತಳಿಗಳನ್ನೂ ಎಣಿಸಿದೆ. ನಾನು ಕಂಡ ಒಂದು ಕನ್ನಡ ಅನುವಾದದಲ್ಲಿ ಆನೆಗಳ ಹಿಂಡಿನ ನಡುವೆ ಜಿಂಕೆಗಳು ಹೊಕ್ಕು ಅಯೋಧ್ಯೆಯ ಬೀದಿಗಳಲ್ಲಿ ಮದವೇರಿ ತಿರುಗುತ್ತಿವೆ.